ಹಿತ್ತಿಲು ಹೋಯ್ತು, ಕುಂಡ ಉಳೀತು

ಹೋದ ತಿಂಗಳು ನಮ್ಮ ಬೀದಿಗೆ ಹೊಸದಾಗಿ ಬಂದ ಸೊಸೆ ಹುಡುಗಿ ಒಬ್ಬಳು ಹೆಪ್ಪಿಗೆ ಮಜ್ಜಿಗೆ ಕೇಳ್ಕೊಂಡು ಬಂದ್ಲು. ತಾರಸಿ ಮೇಲಿದ್ದೀನಿ, ಇಲ್ಲೇ ಬಾರಮ್ಮಿ ಅಂದೆ. ಹತ್ತಿ ಬಂದವಳು ಪೇಂಟ್ ಡಬ್ಬ, ಒಡೆದ ಬಕೆಟ್ಟು, ಸಿಮೆಂಟ್ ಚೀಲದಲ್ಲಿದ್ದ ಬದನೆ, ಮೆಣಸಿನ ಗಿಡ, ದಂಟಿನ ಸೊಪ್ಪು ಎಲ್ಲಾನೂ ನೋಡಿ, "ಆಂಟಿ, ನೀವೂ ಬೆಂಗಳೂರೋರ ಥರ ಶುರು ಮಾಡ್ಕೊಂಡ್ರಾ?" ಅಂದ್ಲು. ನಗು ಬಂತು. ಒಳಗೊಳಗೆ ಒಂದು ಚೂರು ಬೇಜಾರೂ ಆಯ್ತು. ನಮ್ಮವ್ವ ಬದುಕಿದ್ದು ಈ ಮಾತು ಕೇಳಿದ್ರೆ, "ಏನಮ್ಮಿ ಇದು, ನಾ ಮಾಡ್ತಿದ್ದದ್ದ ಬೆಂಗ್ಳೂರೋರು ಮಾಡುದ್ರೆ ಅವ್ರದಾಗೋಯ್ತದಾ?" ಅನ್ನೋಳು.

ಅವತ್ತಿಂದ ಈ ಕುಂಡದ ಕತೆ ತಲೇಲಿ ಕೂತುಬಿಟ್ಟಿದೆ. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹೆಂಗಸರು ಯಾವಾಗಿಂದ ಮಡಕೆ, ಡಬ್ಬದಲ್ಲಿ ತರಕಾರಿ ಬೆಳೀತಾ ಬಂದ್ರು, ಯಾಕೆ ಬೆಳೆದ್ರು ಅಂತ ನನಗೆ ಗೊತ್ತಿರೋಷ್ಟು ಬರೀತೀನಿ.

ನಮ್ಮವ್ವನ ಮನೆ ಹನೂರಿನ ಹತ್ರ ಒಂದು ಹಳ್ಳಿ. ಹಿತ್ತಿಲು ದೊಡ್ಡದೇ ಇತ್ತು. ಅಷ್ಟು ನೆಲ ಇಟ್ಕೊಂಡು ಮಡಕೇಲಿ ಯಾಕೆ ಗಿಡ ಹಾಕ್ತಿದ್ಲು ಅಂತ ನೀವು ಕೇಳಬಹುದು. ಕಾರಣ ಮೂರು ಇತ್ತು. ಮೊದಲನೇದು ಕೋಳಿ, ಮೇಕೆ. ನೆಲದಲ್ಲಿ ಒಟ್ಟಲು ಹಾಕಿದ್ರೆ ಮೊಳಕೆ ಬಂದ ದಿನಾನೇ ಕೋಳಿ ಕೆದರಿ ಹಾಕೋದು. ಅದಕ್ಕೆ ಬದನೆ, ಮೆಣಸಿನಕಾಯಿ ಬೀಜಾನ ಬಾಯಿ ಒಡೆದ ಗುಡಾಣದಲ್ಲಿ ಉದುರಿಸಿ, ಗೋಡೆ ಮೇಲೋ ಹಗೇವಿನ ಕಟ್ಟೆ ಮೇಲೋ ಇಡೋಳು. ನಾಲ್ಕೆಲೆ ಬಂದು ಬಲಿತ ಮೇಲೆ ಕಿತ್ತು ನೆಲಕ್ಕೆ ನಡೋದು. ಎರಡನೇದು ನೀರು. ಹನೂರು ಕಡೆ ಬೇಸಗೇಲಿ ಕುಡಿಯೋ ನೀರಿಗೇ ಕಷ್ಟ. ಇಡೀ ಹಿತ್ತಿಲಿಗೆ ನೀರು ಎಲ್ಲಿಂದ ತರೋದು? ಮುಖ ತೊಳೆದ ನೀರು, ಅಕ್ಕಿ ತೊಳೆದ ಕಲಗಚ್ಚಿನಲ್ಲಿ ದನಕ್ಕಿಟ್ಟು ಮಿಕ್ಕಿದ್ದು, ಎರಡು ಚೊಂಬು ಹಾಕಿದ್ರೆ ಒಂದು ಮಡಕೆ ಗಿಡ ಬದುಕೋದು. ಮೂರನೇದು ಒಲೆಗೂ ಗಿಡಕ್ಕೂ ಇರೋ ದೂರ. ಸಾರು ಕುದೀತಾ ಇರೋವಾಗ ನಾಲ್ಕು ಹಸಿಮೆಣಸಿನಕಾಯಿ ಬೇಕು ಅಂದ್ರೆ ಕತ್ತಲಲ್ಲಿ ಹಿತ್ತಿಲ ಕೊನೆಗೆ ಹೋಗೋಕಾಗಲ್ಲ. ಹಾವು, ಚೇಳಿನ ಭಯ ಬೇರೆ.

ಯಳಂದೂರಿನ ನಮ್ಮ ಚಿಕ್ಕವ್ವನ ಮನೇಲಿ ಕತೆ ಬೇರೆ. ಅದು ಸುವರ್ಣಾವತಿ ನೀರಿನ ಊರು, ಗದ್ದೆ ಸೀಮೆ. ಅಲ್ಲಿ ತೊಂದರೆ ಮಳೆಗಾಲದ್ದು. ಹಿತ್ತಿಲಲ್ಲಿ ನೀರು ನಿಂತು ಮೆಣಸಿನ ಗಿಡದ ಬೇರು ಕೊಳೆಯೋದು. ಅದಕ್ಕೆ ಅವರು ಗಿಡಾನ ಎತ್ತರಕ್ಕೆ ಏರಿಸ್ತಿದ್ರು: ತಳ ಹೋದ ಬಾನಿ, ಹಳೇ ಕಡಾಯಿ, ಜಗಲಿ ಅಂಚಿಗೆ ಇಟ್ಟ ಹರವಿ. ಒಂದು ಕಡೆ ನೀರಿಲ್ಲ ಅಂತ ಮಡಕೆ, ಇನ್ನೊಂದು ಕಡೆ ನೀರು ಜಾಸ್ತಿ ಅಂತ ಮಡಕೆ.

ಇದು ನಮ್ಮೂರಲ್ಲೇ ಹುಟ್ಟಿದ ಬುದ್ಧಿ ಅಂತ ನಾನೇನೂ ಹೇಳಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮ್ ಚಕ್ರವರ್ತಿ ಟೈಬೀರಿಯಸ್‌ಗೆ ದಿನಾಲೂ ಸೌತೆ ಜಾತಿ ಕಾಯಿ ಬೇಕಿತ್ತಂತೆ. ಅವನ ಮಾಲಿಗಳು ಚಕ್ರ ಇರೋ ಮಣ್ಣಿನ ಪಾತಿ ಮಾಡಿ, ಬಿಸಿಲು ಬಂದಾಗ ಹೊರಕ್ಕೆ ತಳ್ಳಿ, ಚಳೀಲಿ ಒಳಕ್ಕೆ ಎಳ್ಕೊಂಡು, ಬೆಳಕು ಹಾಯೋ ಕಲ್ಲಿನ ಹಾಳೆ ಹೊದಿಸಿ ಬೆಳೀತಿದ್ರು ಅಂತ ಪ್ಲಿನಿ ಅನ್ನೋನು ಬರೆದಿಟ್ಟಿದ್ದಾನೆ. ನೋಡ್ರವ್ವ, ಚಕ್ರವರ್ತಿ ತಿಂದದ್ದಕ್ಕೆ ಸೌತೆಕಾಯಿಗೂ ಚರಿತ್ರೆ ಬಂತು.

ನಮ್ಮ ಹಿತ್ತಿಲ ಮಡಕೆಗೆ ಅಂಥ ಅದೃಷ್ಟ ಇಲ್ಲ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟರನ್ನ ಈಸ್ಟ್ ಇಂಡಿಯಾ ಕಂಪನಿಯೋರು ಮೈಸೂರು ಸೀಮೆ ನೋಡ್ಕೊಂಡು ಬಾ ಅಂತ ಕಳಿಸಿದ್ರು. ಅವನು ನಮ್ಮ ಸತ್ತೇಗಾಲ, ಹನೂರು, ಕೌದಳ್ಳಿ ಮೇಲೇ ಹಾದು ಕಾವೇರಿಪುರದ ಘಟ್ಟ ಇಳಿದ. ಹೋದಲ್ಲೆಲ್ಲ ಯಾವ ಬೆಳೆ, ಎಷ್ಟು ಬೀಜ, ಎಷ್ಟು ಕಂದಾಯ ಅಂತ ಬರ್ಕೊಂಡ. ಮೈಸೂರು ಸೀಮೇಲಿ ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ ಅಂತ ಬೇರೆ ಬೇರೆ ಇದ್ದದ್ದೂ ಅವನ ಪುಸ್ತಕದಲ್ಲಿದೆ. ಸರ್ಕಾರಕ್ಕೆ ದುಡ್ಡು ಬರೋ ತೋಟ ಪುಸ್ತಕಕ್ಕೆ ಬಂತು. ಬಚ್ಚಲ ಪಕ್ಕದ ಒಡಕು ಮಡಕೆಗೆ ಯಾರೂ ಕಂದಾಯ ಹಾಕಲಿಲ್ಲ, ಹಾಗಾಗಿ ಯಾರೂ ಬರೀಲೂ ಇಲ್ಲ. ಅದನ್ನ ನೋಡ್ಕೊಂಡೋರು ಹೆಂಗಸರು, ಅವರಿಗೆ ಬರವಣಿಗೆ ಬರ್ತಿರಲಿಲ್ಲ. ಅವರು ಉಳಿಸಿಟ್ಟದ್ದು ಅಂದ್ರೆ ಬೀಜ. ನಾನು ಈ ಕತೆ ಬರೀತಿರೋದೂ ಆ ಬೀಜದ ದೆಸೆಯಿಂದಾನೇ, ಅದಕ್ಕೆ ಆಮೇಲೆ ಬರ್ತೀನಿ.

ಆ ಮೇಲಿನ ನೂರೈವತ್ತು ವರ್ಷ ನಮ್ಮ ಮೂರು ತಾಲ್ಲೂಕೂ ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ತು. ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು, ಇವು ಮದ್ರಾಸಿನೋರ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದದ್ದು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು. ಹನೂರು ಬೇರೆ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ನಮ್ಮಜ್ಜಿ ಹೆಣ್ಣು ಕೊಟ್ಟು ತಂದದ್ದು ಮಾತ್ರ ಗಡಿ ನೋಡಿ ಅಲ್ಲ. ಯಳಂದೂರಿನ ಮಗಳು ಹನೂರಿಗೆ ಬಂದ್ರೆ ಮಡಿಲಕ್ಕಿ ಜೊತೆ ಸೆರಗಲ್ಲಿ ನಾಲ್ಕು ಬಗೆ ಬೀಜಾನೂ ಬರೋದು.

ಆ ಬೀಜದಲ್ಲೂ ಎಷ್ಟೋ ಜಾತಿ ಹೊರಗಿಂದ ಬಂದದ್ದೇ. ಬದನೆ, ಅವರೆ, ಸೌತೆ ನಮ್ಮ ಭಾರತದಲ್ಲಿ ಬಲು ಹಳೇವು. ಮೆಣಸಿನಕಾಯಿ, ಟಮಾಟೆ, ಆಲೂಗೆಡ್ಡೆ ಇವೆಲ್ಲ ಅಮೆರಿಕದ ಕಡೇವು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ, ಪೋರ್ಚುಗೀಸರ ಹಡಗಲ್ಲಿ ಗೋವೆ ಕಡೆಯಿಂದ ಮೆಣಸಿನಕಾಯಿ ನಮಗೆ ಬಂತು. ಅದಕ್ಕೆ ಮುಂಚೆ ಕಾರ ಅಂದ್ರೆ ಕರಿಮೆಣಸು. ಅದರ ಹೆಸರನ್ನೇ ಎತ್ತಿ ಈ ಹೊಸ ಕಾಯಿಗೂ ಇಟ್ವಿ: ಮೆಣಸಿನಕಾಯಿ. ಉಪ್ಸಾರಿಗೆ ಹಸಿಮೆಣಸಿನಕಾಯಿ ಸುಟ್ಟು, ಬೆಳ್ಳುಳ್ಳಿ ಹಾಕಿ ಅರೆದು ಕಾರ ಮಾಡೋದು ಆದಿಕಾಲದ್ದು ಅಂತ ನಾನು ನಂಬ್ಕೊಂಡಿದ್ದೆ. ಲೆಕ್ಕ ಹಾಕಿದ್ರೆ ಐನೂರು ವರ್ಷದ ಒಳಗಿನದು. ಟಮಾಟೆ ಇನ್ನೂ ಈಚಿನದು, ಅದಕ್ಕೆ ಚಪ್ಪರಬದನೆ ಅಂತ ಹೆಸರಿಟ್ಟು ನಮ್ಮೋರ ಪಂಕ್ತೀಲಿ ಕೂರಿಸ್ಕೊಂಡ್ರು. ನನ್ನ ಊಹೆ ಕೇಳಿದ್ರೆ, ಹೊಸ ಬೀಜ ಸಿಕ್ಕಾಗ ಯಾವ ಹೆಂಗಸೂ ಮೊದಲು ಹೊಲಕ್ಕೆ ಹಾಕಿರಲ್ಲ. ಒಂದು ಮಡಕೇಲಿ ಹಾಕಿ, ಹೂ ಬಿಟ್ಟದ್ದು ನೋಡಿ, ಕಾಯಿ ತಿಂದು ಹೊಟ್ಟೆ ನೋಯಲಿಲ್ಲ ಅಂತ ಆದ ಮೇಲೆ ನೆಲಕ್ಕೆ ಇಳಿಸಿರ್ತಾಳೆ. ನಾನಂತೂ ಈಗಲೂ ಹಾಗೇ ಮಾಡೋದು.

ಮಡಕೆ ಆದ ಮೇಲೆ ಬಂದದ್ದು ತಗಡಿನ ಡಬ್ಬ. ಸೀಮೆಎಣ್ಣೆ ನಾಲ್ಕು ಗ್ಯಾಲನ್ನಿನ ಚೌಕದ ಡಬ್ಬದಲ್ಲಿ ಬರೋದು, ಈಗಿನ ಲೆಕ್ಕದಲ್ಲಿ ಸುಮಾರು 18 ಲೀಟರು. ಎಣ್ಣೆ ಮುಗಿದ ಮೇಲೆ ಡಬ್ಬಕ್ಕೆ ಬೆಲೆ. ನೀರು ಹೊರೋಕೆ, ಕಾಳು ಇಡೋಕೆ, ತುಕ್ಕು ಹಿಡಿದು ತೂತಾದ ಮೇಲೆ ಗಿಡಕ್ಕೆ. 1937ರಲ್ಲಿ ಡಾಲ್ಡಾ ಬಂತು. ಹಳದಿ ಡಬ್ಬ, ಮೇಲೆ ಹಸಿರು ತಾಳೆಮರದ ಚಿತ್ರ. ನಾನು ಚಿಕ್ಕವಳಾಗಿದ್ದಾಗ ಕೊಳ್ಳೇಗಾಲದ ಯಾವ ಬೀದೀಲಿ ಹೋದ್ರೂ ಕಾಂಪೌಂಡಿನ ಮೇಲೆ ಡಾಲ್ಡಾ ಡಬ್ಬದಲ್ಲಿ ದೊಡ್ಡಪತ್ರೆ, ತುಳಸಿ, ಒಂದೊಂದು ಮೆಣಸಿನ ಗಿಡ ಇದ್ದೇ ಇರೋದು. ಮೊಳೆ ತಗೊಂಡು ತಳಕ್ಕೆ ಐದಾರು ತೂತು ಹೊಡೆದು, ತೂತಿನ ಮೇಲೆ ಬೋಕಿ ಮುಚ್ಚಿ, ಮಣ್ಣು ತುಂಬೋದು. ಬೋಕಿ ಮುಚ್ಚಿದ್ರೆ ನೀರು ಹೋಗ್ತದೆ, ಮಣ್ಣು ನಿಲ್ತದೆ. ಇದನ್ನ ನನಗೆ ಯಾರೂ ಕೂರಿಸ್ಕೊಂಡು ಹೇಳ್ಕೊಡಲಿಲ್ಲ. ಅವ್ವ ಮಾಡೋದು ನೋಡ್ತಾ ನೋಡ್ತಾ ಕೈಗೆ ಬಂತು.

ಇದೇ ಕಾಲದಲ್ಲಿ ಸರ್ಕಾರದೋರೂ ಹಿತ್ತಿಲ ಕಡೆ ತಿರುಗಿ ನೋಡಿದ್ರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದೋರು ಮನೆ ಮುಂದೆ, ಪಾರ್ಕಲ್ಲಿ, ಮಾಡಿ ಮೇಲೆ ತರಕಾರಿ ಬೆಳೆದ್ರು. ಅಂಥ ತೋಟ ಸುಮಾರು 2 ಕೋಟಿ ಇದ್ವು ಅಂತ ಅಂದಾಜು. ನಮ್ಮಲ್ಲೂ 1942-43ರಲ್ಲಿ ಹೆಚ್ಚು ಆಹಾರ ಬೆಳೆಯಿರಿ ಅನ್ನೋ ಚಳವಳಿ ಆಯ್ತು. ಬಂಗಾಳದಲ್ಲಿ 1943ರಲ್ಲಿ ಲಕ್ಷಾಂತರ ಜನ ಅನ್ನ ಇಲ್ಲದೆ ಸತ್ತ ಕಾಲ ಅದು. ಆಮೇಲೆ 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ, ಮನೆ ಸುತ್ತ ಜಾಗ ಇದ್ರೆ ಏನಾದ್ರೂ ಬೆಳೀರಿ ಅಂತ ಕೇಳ್ಕೊಂಡ್ರು. ತಮ್ಮ ಬಂಗಲೆ ಮುಂದಿನ ಹುಲ್ಲುಹಾಸನ್ನೇ ಉಳುಮೆ ಮಾಡಿಸಿದ್ರು. ಸೋಮವಾರ ರಾತ್ರಿ ಊಟ ಬಿಡೋದು ಅಂತ ದೇಶವೆಲ್ಲ ಮಾತಾಡಿದಾಗ ನಮ್ಮಜ್ಜಿ, "ನಾವು ಮಾದಪ್ಪನ ಒಕ್ಕಲು, ಸೋಮಾರ ಒಪ್ಪತ್ತು ಇರದು ನಮ್ಗ ಹೊಸ್ದಾ?" ಅಂದಿದ್ಲಂತೆ.

ನಾನು 1987ರಲ್ಲಿ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದೆ. ಅತ್ತೆ ಮನೇಲಿ ರೇಷ್ಮೆ ಹುಳು ಸಾಕ್ತಿದ್ರು. ಕೊಳ್ಳೇಗಾಲದ ರೇಷ್ಮೆ ಇವತ್ತು ನಿನ್ನೇದಲ್ಲ, ಮದ್ರಾಸಿನ ಕಾಲದಲ್ಲಿ ಆ ಪ್ರಾಂತ್ಯದ ರೇಷ್ಮೆಗೆ ನಮ್ಮ ತಾಲ್ಲೂಕೇ ಮುಖ್ಯ. ಅತ್ತೆ ಹತ್ರ ನಾನು ಕಲಿತದ್ದು ಎರಡು. ಹುಳು ತಿಂದು ಬಿಟ್ಟ ಹಿಪ್ಪನೇರಳೆ ಕಡ್ಡಿ, ಅದರ ಹಿಕ್ಕೆ, ಎಲ್ಲ ಗುಂಡೀಲಿ ಹಾಕಿ ಕೊಳೆಸಿದ್ರೆ ಗಿಡಕ್ಕೆ ಅದಕ್ಕಿಂತ ಒಳ್ಳೇ ಗೊಬ್ಬರ ಇಲ್ಲ. ಮುರಿದ ಚಂದ್ರಿಕೆ ಬಿಸಾಡಬಾರದು, ಗೋಡೆಗೆ ಒರಗಿಸಿದ್ರೆ ಅವರೆ ಬಳ್ಳಿ, ಹೀರೆ ಬಳ್ಳಿ ಹಬ್ಬೋಕೆ ಅದೇ ಚಪ್ಪರ.

ಒಂದು ಸಲ ನಾನು ಮಾಡಿದ ತಪ್ಪನ್ನೂ ಹೇಳ್ತೀನಿ. ಬದನೆ ಗಿಡಕ್ಕೆ ಹುಳ ಬಿದ್ದಿತ್ತು. ಅವ್ವನ ಮನೇಲಿ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸ್ತಿದ್ದದ್ದು ನೆನಪಾಗಿ, ಇಲ್ಲೂ ಬಟ್ಟಲಲ್ಲಿ ಹೊಗೆಸೊಪ್ಪು ನೆನೆಸಿಟ್ಟೆ. ಅತ್ತೆ ನೋಡಿದವರೇ ಬಟ್ಟಲು ಎತ್ಕೊಂಡು ಮೋರಿಗೆ ಸುರಿದ್ರು. "ಆ ಕೈಯಲ್ಲಿ ನೀ ಸೊಪ್ಪು ಮುಟ್ಟುದ್ರೆ ನಮ್ಮಟ್ಟಿ ಹುಳ ಒಂದೂ ಉಳಿಯಲ್ಲ ಕನವ್ವ" ಅಂದ್ರು. ಹೊಗೆಸೊಪ್ಪಿನ ವಿಷಕ್ಕೆ ಬದನೆ ಹುಳ ಯಾವುದು, ರೇಷ್ಮೆ ಹುಳ ಯಾವುದು ಅಂತ ಗೊತ್ತಾಗಲ್ಲ. ಹುಳು ಮನೆ ಇರೋ ಕಡೆ ಔಷಧಿ ಹೊಡೀದೆ, ಕೈಯಲ್ಲೇ ಹುಳ ಹೆಕ್ಕಿ, ಬೂದಿ ಎರಚಿ ತರಕಾರಿ ಬೆಳೀತಿದ್ರು. ಈಗ ಸಾವಯವ ಅಂತಾರಲ್ಲ, ನಮ್ಮತ್ತೆಗೆ ಅದು ಹೊಟ್ಟೆಪಾಡು.

1998ರಲ್ಲಿ ಮನೆ ಪಾಲಾಯ್ತು. ಮೂರು ಜನ ಅಣ್ಣತಮ್ಮಂದಿರು, ಮೂರು ಭಾಗ. ಹಿತ್ತಿಲಲ್ಲಿ ಗೋಡೆ ಎದ್ದು, ನಮ್ಮ ಪಾಲಿಗೆ ಬಂದದ್ದು ಬಟ್ಟೆ ಒಗೆಯೋ ಕಲ್ಲು ಹಾಕೋವಷ್ಟು ಜಾಗ. ಅದಕ್ಕೂ ಸಿಮೆಂಟ್ ಹಾಕಿಸಿದ್ವಿ. ಅತ್ತೆ ಏನೂ ಮಾತಾಡಲಿಲ್ಲ. ಸಂಜೆ ನೋಡಿದ್ರೆ ಸಿಮೆಂಟ್ ಹಾಕೋಕೆ ಮುಂಚೆ ಹಿತ್ತಿಲ ಮಣ್ಣನ್ನ ನಾಲ್ಕು ಗೊಬ್ಬರದ ಚೀಲಕ್ಕೆ ತುಂಬಿ, ಮಗನ ಕೈಲಿ ತಾರಸಿಗೆ ಹೊರಿಸಿದ್ರು. "ಇದು ಅರವತ್ತು ವರ್ಷ ಹಿಕ್ಕೆ ತಿಂದ ಮಣ್ಣು, ಬುಡಾಕಾಯ್ತದಾ?" ಅಂದ್ರು. ನಮ್ಮ ತಾರಸಿ ತೋಟ ಶುರುವಾದದ್ದು ಅವತ್ತು. ಆಗ ಬೆಂಗಳೂರಲ್ಲಿ ಯಾರು ಏನು ಬೆಳೀತಿದ್ರೋ ನಮಗೆ ಗೊತ್ತೇ ಇರಲಿಲ್ಲ.

ಬೆಂಗಳೂರೋರನ್ನ ನಾನು ಹಂಗಿಸ್ತಾ ಇಲ್ಲ. ಡಾ. ಬಿ.ಎನ್. ವಿಶ್ವನಾಥ್ ಅನ್ನೋ ಕೃಷಿ ವಿಜ್ಞಾನಿ ಅಲ್ಲಿನ ಜನಕ್ಕೆ ವರ್ಷಗಟ್ಟಲೆ ತಾರಸಿ ತೋಟ ಕಲಿಸಿದ್ರು. 2011ರಿಂದ ಊಟ ಫ್ರಮ್ ಯುವರ್ ತೋಟ ಅನ್ನೋ ಸಂತೆನೂ ನಡೀತಾ ಬಂತು. ತೆಂಗಿನ ನಾರಿನ ಪುಡಿ, ಕೊಕೊಪೀಟ್ ಅಂತಾರಲ್ಲ, ಅದನ್ನ ಮಣ್ಣಿಗೆ ಸೇರಿಸಿದ್ರೆ ಕುಂಡ ಹಗುರ ಆಗ್ತದೆ, ನೀರೂ ಹಿಡಿದಿಡ್ತದೆ ಅನ್ನೋದು ನಾನು ಅವರ ಕಡೆಯಿಂದಾನೇ ಕಲಿತದ್ದು. ತಾರಸಿ ಇರೋರಿಗೆ ಇದು ಸಣ್ಣ ವಿಷಯ ಅಲ್ಲ. 18 ಲೀಟರ್ ಡಬ್ಬಕ್ಕೆ ಬರೀ ಹಸಿ ಮಣ್ಣು ತುಂಬಿದ್ರೆ 25 ಕೆಜಿ ದಾಟ್ತದೆ. ಅಂಥವು ನಲವತ್ತಿದ್ರೆ ಒಂದು ಟನ್ನು.

ಈಗ ಬೀಜದ ವಿಷಯಕ್ಕೆ ಬರ್ತೀನಿ. ಅವ್ವ ನನಗೆ ಕೊಟ್ಟು ಕಳಿಸಿದ್ದು ಮುಖ್ಯವಾಗಿ ಎರಡು: ಮುಳ್ಳಿರೋ ಗುಂಡು ಬದನೆ, ಮತ್ತೆ ಒಂದು ಚಪ್ಪರದವರೆ. ಬದನೆ ಬೀಜಾನ ಬೂದೀಲಿ ಉಜ್ಜಿ, ಬಟ್ಟೇಲಿ ಗಂಟು ಕಟ್ಟಿ, ಒಲೆ ಮೇಲಿನ ಅಟ್ಟಕ್ಕೆ ನೇತು ಹಾಕ್ತಿದ್ಲು. ಹೊಗೆಗೆ ಹುಳ ಬೀಳಲ್ಲ. ನಾನು ಗ್ಯಾಸ್ ಒಲೆಯೋಳು, ಹೊಗೆ ಎಲ್ಲಿಂದ ತರಲಿ? ಪ್ಲಾಸ್ಟಿಕ್ ಕವರಿಗೆ ಹಾಕಿ ಅಡುಗೆಮನೆ ಶೆಲ್ಫಲ್ಲಿ ಇಟ್ಟೆ. ಸರಿಯಾಗಿ ಒಣಗಿರಲಿಲ್ಲ ಅಂತ ಕಾಣ್ತದೆ, ಒಂದು ಮಳೆಗಾಲ ಕಳೆದು ಬಿಚ್ಚಿದ್ರೆ ಬೂಷ್ಟು ಹಿಡಿದಿತ್ತು. ಅವರೆಗೆ ಹುಳ ಬಿದ್ದಿತ್ತು. ಅವ್ವ ಆಗಲೇ ತೀರ್ಕೊಂಡು ಎರಡು ವರ್ಷ ಆಗಿತ್ತು. ಅವತ್ತು ನಾನು ಅತ್ತದ್ದು ಮನೇಲಿ ಯಾರಿಗೂ ಅರ್ಥ ಆಗಲಿಲ್ಲ. ಅಂಗಡೀಲಿ ಬೀಜ ಸಿಗ್ತದಲ್ಲ ಅಂದ್ರು.

ಸಿಗ್ತದೆ, ಸುಳ್ಳಲ್ಲ. 1967ರಲ್ಲಿ ಶುರುವಾದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೋರು ಅರ್ಕಾವತಿ ನದಿ ಹೆಸರಲ್ಲಿ ಅರ್ಕಾ ಅಂತ ಎಷ್ಟೋ ಒಳ್ಳೇ ತಳಿ ಕೊಟ್ಟಿದ್ದಾರೆ. ನಮ್ಮ ತಾರಸೀಲೂ ಅರ್ಕಾ ಅನಾಮಿಕಾ ಬೆಂಡೆ ಇದೆ, ಅದರ ಬೀಜ ತೆಗೆದಿಟ್ಟು ಬಿತ್ತಿದ್ರೆ ಅದೇ ಬೆಂಡೆ ಬರ್ತದೆ. ಹೈಬ್ರಿಡ್ ಬೀಜದ್ದು ಹಾಗಲ್ಲ. ಒಂದು ವರ್ಷ ಹೈಬ್ರಿಡ್ ಟಮಾಟೆ ಚೆನ್ನಾಗಿ ಬಂತು ಅಂತ ಬೀಜ ಇಟ್ಟೆ. ಮರುವರ್ಷ ಒಂದು ಗಿಡದಲ್ಲಿ ದಪ್ಪ, ಒಂದರಲ್ಲಿ ಗೋಲಿ, ಒಂದರಲ್ಲಿ ಏನೂ ಇಲ್ಲ. ಎರಡು ಬೇರೆ ತಳಿ ಸೇರಿಸಿ ಮಾಡಿದ ಬೀಜದ ಗುಣ ಮುಂದಿನ ತಲೆಗೆ ಹಾಗೇ ನಿಲ್ಲಲ್ಲ. ಪ್ರತಿ ಸಲ ಅಂಗಡಿಗೇ ಹೋಗಬೇಕು. ಹಾಗಾಗಿ ಪೊಟ್ಟಣದ ಮೇಲೆ ಹೈಬ್ರಿಡ್ ಅಂತಲೋ ಎಫ್1 ಅಂತಲೋ ಇದ್ರೆ ಬೀಜ ಇಡೋಕೆ ಹೋಗ್ಬೇಡಿ, ಬರೀ ತಿನ್ನಿ.

2020ರ ಲಾಕ್‌ಡೌನಲ್ಲಿ ಸಂತೆ ನಿಂತುಹೋಯ್ತಲ್ಲ, ಆಗ ಬೀದೀಲಿ ಎಲ್ಲರೂ ಬಕೆಟ್ಟು, ಟಬ್ಬು ಹುಡುಕೋಕೆ ಶುರು ಮಾಡಿದ್ರು. ಮೇ ತಿಂಗಳು ಮುಗಿಯೋವರೆಗೂ ನಮ್ಮ ಜಿಲ್ಲೇಲಿ ಒಂದು ಕೇಸೂ ಇರಲಿಲ್ಲ, ಆದ್ರೂ ಮನೆ ಬಿಟ್ಟು ಹೋಗೋ ಹಾಗಿರಲಿಲ್ಲ. ಬೀಜಕ್ಕೆ ಏನು ಮಾಡೋದು ಅಂತ ಎಲ್ಲರಿಗೂ ಫೋನ್ ಮಾಡ್ತಾ ಇದ್ದಾಗ ಯಳಂದೂರಿನ ಚಿಕ್ಕವ್ವನ ಸೊಸೆ, "ನಿಮ್ಮವ್ವ ಕೊಟ್ಟಿದ್ದ ಅವರೆ ನಮ್ಮಲ್ಲಿ ಈಗ್ಲೂ ಅದ ಅಕ್ಕ, ನಮ್ಮತ್ತೆ ವರ್ಷಾ ವರ್ಷಾ ಬಾನೀಲಿ ಹಾಕ್ತಿದ್ರು" ಅಂದ್ಲು. ಬಸ್ಸು ಬಿಟ್ಟ ಮೊದಲ ವಾರವೇ ಹೋದೆ. ಕುಂಕುಮದ ಬಟ್ಟಲಲ್ಲಿ ಇಪ್ಪತ್ತೊಂದು ಕಾಳು ಕೊಟ್ಲು. ಬದನೆ ಸಿಗಲಿಲ್ಲ. ಹನೂರಲ್ಲಿ, ಅವ್ವನ ಊರಲ್ಲಿ, ನೆಂಟರ ಮನೆಯೆಲ್ಲ ಕೇಳಿದೆ. ಆ ಬದನೆ ಹೋಯ್ತು. ಅವ್ವ ಅದನ್ನ ನನಗೆ ಬಿಟ್ಟು ಇನ್ಯಾರಿಗೂ ಕೊಟ್ಟಿರಲಿಲ್ಲ ಅಂತ ಕಾಣ್ತದೆ.

ಈಗ ನಾನು ಮಾಡೋ ಲೆಕ್ಕ ಹೇಳಿ ಮುಗಿಸ್ತೀನಿ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಗೊಬ್ಬರ, ಒಂದು ಪಾಲು ಕೊಕೊಪೀಟ್, ಎರಡು ಹಿಡಿ ಬೇವಿನ ಹಿಂಡಿ. ಸೊಪ್ಪಿಗೆ ಅರ್ಧ ಅಡಿ ಆಳ ಸಾಕು, ಅಗಲ ಇರಬೇಕು. ಬದನೆ, ಟಮಾಟೆ, ಮೆಣಸಿನಕಾಯಿಗೆ ಒಂದು ಅಡಿ ಆಳ, ಒಂದು ಡಬ್ಬಕ್ಕೆ ಒಂದೇ ಗಿಡ. ಹೀರೆ, ಸೋರೆಗೆ ದೊಡ್ಡ ಟಬ್ಬು ಬೇಕು. ಹೀರೆ ಹೂ ಅರಳೋದು ಸಂಜೆಗೆ. ತಾರಸೀಲಿ ದುಂಬಿ ಬರದಿದ್ರೆ ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರೋ ಹೆಣ್ಣು ಹೂವಿಗೆ ಮೆತ್ತಗೆ ಸವರಿ. ನಾಟಿ ಅವರೆಯನ್ನ ಯಾವಾಗ ಹಾಕಿದ್ರೂ ಹೂ ಬಿಡೋದು ಹೊತ್ತು ಚಿಕ್ಕದಾದ ಚಳಿಗಾಲದಲ್ಲೇ. ಅದಕ್ಕೆ ಕುಂಡದಲ್ಲಿ ಗೌರಿಹಬ್ಬದ ಹೊತ್ತಿಗೆ ಹಾಕಿ, ಸುಮ್ಮನೆ ಬಳ್ಳಿ ಬೆಳೆಸಿ ನೀರು ದಂಡ ಮಾಡ್ಬೇಡಿ. ಬೀಜಕ್ಕೆ ಅಂತ ಮೊದಲ ಎರಡು ಒಳ್ಳೇ ಕಾಯಿ ಗಿಡದಲ್ಲೇ ಬಿಡಿ. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಗಾಜಿನ ಬಾಟ್ಲಿಗೆ ಹಾಕಿ ಮೇಲೆ ವರ್ಷ ಬರೆದಿಡಿ.

ಆಮೇಲೆ ಆ ಬಾಟ್ಲೀನ ಒಬ್ಬರೇ ಇಟ್ಕೊಳ್ಳಬೇಡಿ. ಹೆಪ್ಪು ಕೇಳೋಕೆ ಬಂದಿದ್ದ ಹುಡುಗಿಗೆ ಅವತ್ತು ಮಜ್ಜಿಗೆ ಜೊತೆ ಏಳು ಕಾಳು ಅವರೆ ಕೊಟ್ಟು ಕಳಿಸಿದೆ. ಒಂದು ಹಳೇ ಪೇಂಟ್ ಡಬ್ಬ, ಮುಚ್ಚೋಕೆ ಎರಡು ಬೋಕಿನೂ ಕೊಟ್ಟೆ. ಹೋದ ಬುಧವಾರ ಕೂಗಿ ಹೇಳಿದ್ಲು, ಐದು ಹುಟ್ಟವೆಯಂತೆ.